ಕಣ್ಣು ತೆರೆಸಿದ ವಿಷ

“ಯಾಕೋ ಬಲಗಣ್ಣ ಹಾರ್ಲಾಕತ್ತದ, ಏನ ಕಾದದೋ” ಎಂದು ಕಲಬುರಗಿಯ ಕಡೆ ಮನೆಯ ಹಿರಿಯ ಹೆಣ್ಣುಮಗಳು ಅಂದಳೆಂದರೆ, ಹೊರಗೆ ಹೊರಟು ನಿಂತವರು ಒಂದು ಗಳಿಗೆ ಕುಳಿತು, ನೀರು ಕುಡಿದು ಹೋಗುವುದುಂಟು. ಗಂಡಸಿಗೆ ಬಲಗಣ್ಣು ಹಾರಿದರೆ ಒಳ್ಳೆಯದು, ಹೆಂಗಸಿಗೆ ಎಡಗಣ್ಣು, ತಿರುವುಮುರುವಾದರೆ ಕೇಡು. ಈ ಲೆಕ್ಕವನ್ನು ನಮಗೆ ಯಾವ ಮೇಷ್ಟರೂ ಕಲಿಸಿಲ್ಲ. ಆದರೂ ಎಲ್ಲರಿಗೂ ಬರುತ್ತದೆ. ಕಾಳಿದಾಸನೂ ಇದನ್ನು ಬಲ್ಲ. ದುಷ್ಯಂತನ ಆಸ್ಥಾನದಲ್ಲಿ ಶಕುಂತಲೆಗೆ ಬಲಗಣ್ಣು ಅದಿರಿದೊಡನೆ ನೋಡುವವರಿಗೆ ಮುಂದಿನ ಕೇಡಿನ ಸುಳಿವು ಸಿಕ್ಕಿಬಿಡುತ್ತದೆ. ಬಸವಪ್ಪ ಶಾಸ್ತ್ರಿಗಳು ಆ ನಾಟಕವನ್ನು ಕನ್ನಡಕ್ಕೆ ತಂದಾಗ ನಮ್ಮ ಪ್ರೇಕ್ಷಕರಿಗೆ ಆ ಸಂದರ್ಭವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಶಕುನದ ಮಾತು ಹಾಗಿರಲಿ. ನಿದ್ದೆಗೆಟ್ಟಾಗ, ದಣಿದಾಗ, ಚಹ ಕಾಫಿ ಹೆಚ್ಚಾದಾಗ ರೆಪ್ಪೆಯ ಒಂದು ಎಳೆ ತನಗೆ ತಾನೇ ಮಿಡಿಯುತ್ತದೆ. ಎರಡು ದಿನ ಮಿಡಿದು ಸುಮ್ಮನಾಗುತ್ತದೆ. ಅದು ಕೇಡೂ ಅಲ್ಲ, ರೋಗವೂ ಅಲ್ಲ. ನಾನು ಹೇಳಹೊರಟಿರುವುದು ಅದರ ದೊಡ್ಡಣ್ಣನಂಥ ಒಂದು ಬೇನೆಯನ್ನು ಕುರಿತು. ಅದರಲ್ಲಿ ರೆಪ್ಪೆ ಮಿಡಿಯುವುದಿಲ್ಲ, ಮುಚ್ಚಿಕೊಳ್ಳುತ್ತದೆ. ಎರಡೂ ಕಣ್ಣುಗಳು ಒಟ್ಟಿಗೆ, ಬಿಗಿಯಾಗಿ, ಒಡೆಯನ ಅಪ್ಪಣೆ ಕೇಳದೆ ಮುಚ್ಚಿಕೊಳ್ಳುತ್ತವೆ. ಬೆರಳಿನಿಂದ ಬಿಡಿಸಿದರೂ ಮತ್ತೆ ಮುಚ್ಚುತ್ತವೆ. ಒಳಗೆ ಕಣ್ಣಿನ ಗುಡ್ಡೆ ಚೆನ್ನಾಗಿದೆ, ಪಾಪೆ ತಿಳಿಯಾಗಿದೆ, ದೃಷ್ಟಿನರಕ್ಕೆ ಏನೂ ಆಗಿಲ್ಲ. ಆದರೆ ಮನುಷ್ಯ ರಸ್ತೆ ದಾಟಲಾರ, ಅಕ್ಕಿ ಆರಿಸಲಾರ, ಪತ್ರ ಓದಲಾರ. ಕಣ್ಣಿದ್ದೂ ಕುರುಡಾಗುವುದೆಂದರೆ ಇದೇ. ಸಾಮಾನ್ಯವಾಗಿ ಐವತ್ತು ಅರವತ್ತರ ವಯಸ್ಸಿನಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿ, ಇದು ಕಾಣಿಸಿಕೊಳ್ಳುತ್ತದೆ. ವೈದ್ಯರು ಇದಕ್ಕೆ ಬ್ಲೆಫರೋಸ್ಪಾಸಂ ಎನ್ನುತ್ತಾರೆ. ರೆಪ್ಪೆಯ ಸೆಟೆತ ಎಂದರೆ ನಮಗೆ ಸಾಕು.

ಕಲಬುರಗಿಯ ರೋಜಾ ಬಡಾವಣೆಯನ್ನು ಕಂಡವರಿಗೆ ಈ ವಿಷಯವನ್ನು ಅಲ್ಲಿಂದಲೇ ಏಕೆ ಆರಂಭಿಸಬೇಕೆಂಬುದು ಹೊಳೆದೀತು. ರೋಜಾ ಎಂದೊಡನೆ ಹೂವು ನೆನಪಾಗುವುದು ಸಹಜ. ಆದರೆ ಹೆಸರಿಗೂ ಹೂವಿಗೂ ಸಂಬಂಧವಿಲ್ಲ. ಅದು ‘ರೌಜಾ’, ಮೂಲ ಅರಬ್ಬಿಯಲ್ಲಿ ತೋಟ, ಬಳಕೆಯಲ್ಲಿ ಸಂತರ ಸಮಾಧಿ. 1422ರಲ್ಲಿ ಕಾಲವಾದ ಖ್ವಾಜಾ ಬಂದೇನವಾಜರ ಸಮಾಧಿಯಿಂದ ಈ ಹೆಸರು ಬಂದಿದೆ. ಔಷಧದಿಂದ ಗುಣ ಕಾಣದ ಬೇನೆಗಳನ್ನು ಹೊತ್ತ ಎಲ್ಲ ಜಾತಿಮತದ ಜನ ಇಲ್ಲಿಗೆ ಬರುತ್ತಾರೆ. ಅದೇ ರೋಜಾದಲ್ಲಿ 2000ದಿಂದ ಆ ಸಂತರ ಹೆಸರಿನದೇ ಒಂದು ವೈದ್ಯಕೀಯ ಕಾಲೇಜು ನಡೆದಿದೆ. ಹರಕೆ ಹೊತ್ತು ಬಂದವರೂ ಚೀಟಿ ಮಾಡಿಸಲು ಬಂದವರೂ ಒಂದೇ ರಸ್ತೆಯಲ್ಲಿ ಎದುರುಬದುರು ನಡೆಯುತ್ತಾರೆ. ಎಷ್ಟೋ ಸಲ ಇಬ್ಬರೂ ಒಬ್ಬರೇ ಆಗಿರುತ್ತಾರೆ. ರೆಪ್ಪೆಯ ಸೆಟೆತದ ಚರಿತ್ರೆಯೂ ಬಹಳ ಕಾಲ ಇಂಥದೇ ರಸ್ತೆಯಲ್ಲಿ ನಡೆದಾಡಿತು. ವೈದ್ಯರು ಕೈ ಚೆಲ್ಲಿದರೆ ದೇವರು, ದೇವರೂ ಸುಮ್ಮನಿದ್ದರೆ ಮತ್ತೆ ವೈದ್ಯರು.

ನಮ್ಮ ಹಳೆಯ ವೈದ್ಯರು ಇದನ್ನು ಗಮನಿಸದೆ ಬಿಟ್ಟವರಲ್ಲ. ಸುಶ್ರುತ ಸಂಹಿತೆ 76 ನೇತ್ರರೋಗಗಳನ್ನು ಎಣಿಸುತ್ತದೆ. ಅವುಗಳಲ್ಲಿ ರೆಪ್ಪೆಗೆ ಸೇರಿದ ಒಂದರ ಹೆಸರು ‘ನಿಮೇಷ’. ರೆಪ್ಪೆ ಬಡಿಯುವ ಸಿರೆಗಳಲ್ಲಿ ವಾಯು ಹೊಕ್ಕು ರೆಪ್ಪೆಗಳನ್ನು ಅತಿಯಾಗಿ ಆಡಿಸುವುದೇ ಈ ರೋಗವೆಂದು ಅದರ ಲಕ್ಷಣ. ವಾಯು ಎಂಬುದರ ಜಾಗದಲ್ಲಿ ನರದ ಪ್ರೇರಣೆ ಎಂದು ಓದಿಕೊಂಡರೆ ಇಂದಿನ ವಿವರಣೆಗೆ ಅಷ್ಟೇನೂ ದೂರವಿಲ್ಲ. ನನಗೆ ಅದಕ್ಕಿಂತ ಮೆಚ್ಚಿಗೆಯಾಗುವುದು ಸುಶ್ರುತನ ಪ್ರಾಮಾಣಿಕತೆ. ವಾತದಿಂದ ಹುಟ್ಟುವ ಕಣ್ಣಿನ ಬೇನೆಗಳಲ್ಲಿ ನಾಲ್ಕನ್ನು ಆತ ವಾಸಿಯಾಗದವೆಂದು ಬೇರೆಯಾಗಿ ಇಟ್ಟ. ನಿಮೇಷ ಆ ನಾಲ್ಕರಲ್ಲಿ ಒಂದು. ಇದಕ್ಕೆ ನನ್ನಲ್ಲಿ ಮದ್ದಿಲ್ಲ ಎಂದು ಬರೆದಿಡುವುದು ವೈದ್ಯನಿಗೆ ಸುಲಭದ ಮಾತಲ್ಲ.

ಯುರೋಪಿನಲ್ಲಿ ಈ ಬೇನೆಯ ಮುಖವನ್ನು ಮೊದಲು ಕಂಡವನು ವೈದ್ಯನಲ್ಲ, ಚಿತ್ರಗಾರನೆಂದು ಕೆಲವರ ಮತ. ಹದಿನಾರನೆಯ ಶತಮಾನದ ಪೀಟರ್ ಬ್ರೂಗೆಲ್ ಎಂಬ ಫ್ಲೆಮಿಶ್ ಕಲಾವಿದನದೆನ್ನುವ ಒಂದು ಸಣ್ಣ ಚಿತ್ರ ಬ್ರಸೆಲ್ಸ್ ನಗರದಲ್ಲಿದೆ. ಬಾಯಿ ಅಗಲವಾಗಿ ತೆರೆದು, ಕಣ್ಣು ಬಿಗಿಯಾಗಿ ಮುಚ್ಚಿದ ಒಬ್ಬ ಮನುಷ್ಯನ ಮುಖ ಅದು. ಅವನು ಬರಿಯ ಆಕಳಿಸುತ್ತಿದ್ದಾನೆ ಎನ್ನುವವರೂ ಇದ್ದಾರೆ. ಅವರ ಮಾತೇ ನಿಜವಿದ್ದರೂ ಇರಬಹುದು. 1910ರಲ್ಲಿ ಪ್ಯಾರಿಸಿನ ಆನ್ರಿ ಮೇಜ್ ಎಂಬ ನರವೈದ್ಯ ಈ ಸೆಟೆತವನ್ನು ಕೂಲಂಕಷವಾಗಿ ವರ್ಣಿಸಿದ. ರೆಪ್ಪೆಯ ಜೊತೆಗೆ ದವಡೆ ಬಾಯಿಗಳೂ ಸೆಟೆದುಕೊಳ್ಳುವ ರೂಪ ಇಂದಿಗೂ ಅವನ ಹೆಸರಿನಿಂದ ನಡೆಯುತ್ತದೆ.

ಈ ರೋಗಿಗಳಲ್ಲಿ ಒಂದು ವಿಚಿತ್ರವುಂಟು. ಮುಚ್ಚಿದ ಕಣ್ಣು ಕೆಲವರಿಗೆ ಮಾತಾಡತೊಡಗಿದರೆ ತೆರೆಯುತ್ತದೆ. ಕೆಲವರಿಗೆ ಗುನುಗಿದರೆ, ಹಾಡಿದರೆ. ಕೆಲವರಿಗೆ ಏನನ್ನಾದರೂ ಅಗಿಯುತ್ತಿದ್ದರೆ. ಇನ್ನು ಕೆಲವರಿಗೆ ಹುಬ್ಬಿನ ಮೇಲೆ ಬೆರಳಿಟ್ಟರೆ ಸಾಕು. ಈ ಉಪಾಯವೇ ಅವರಿಗೆ ಮುಳುವಾಯಿತು. ಹಾಡಿದರೆ ತೆರೆಯುವ ಕಣ್ಣು ಕೆಲಸ ಹೇಳಿದರೆ ಮುಚ್ಚುತ್ತದೆ! ಮನೆಯವರು ಏನೆಂದುಕೊಂಡಾರು? ವೈದ್ಯರಲ್ಲಿ ಅನೇಕರೂ ಹಾಗೆಯೇ ಅಂದುಕೊಂಡರು. ಕಣ್ಣಿನ ಪರೀಕ್ಷೆಯಲ್ಲಿ ದೋಷ ಕಾಣದಿದ್ದಾಗ ಇದು ಮನಸ್ಸಿನ ಆಟ, ಉನ್ಮಾದ, ಹಠ ಎಂದು ಚೀಟಿ ಬರೆದು ಮನೋವೈದ್ಯರ ಬಳಿಗೆ ಅಟ್ಟಿದರು. ಕುರುಡುತನದ ಮೇಲೆ ಕಪಟದ ಆರೋಪವನ್ನೂ ಹೊತ್ತುಕೊಂಡು ವರ್ಷಗಟ್ಟಲೆ ಬಾಳಿದವರು ಎಷ್ಟು ಮಂದಿಯೋ! ನಮ್ಮ ಕಡೆಯಾಗಿದ್ದರೆ ದೆವ್ವ ಹಿಡಿದಿದೆ ಎನ್ನುತ್ತಿದ್ದರು. ಅಲ್ಲಿ ಅದಕ್ಕೊಂದು ಗ್ರೀಕ್ ಹೆಸರಿಟ್ಟರು, ಅಷ್ಟೆ.

ಈ ಆರೋಪವನ್ನು ಅಲುಗಾಡಿಸಿದ್ದು ಲಂಡನ್ನಿನ ನರವೈದ್ಯ ಡೇವಿಡ್ ಮಾರ್ಸ್‌ಡನ್ 1976ರಲ್ಲಿ ಬರೆದ ಒಂದು ಪ್ರಬಂಧ. ಅವರು ತಾವು ಕಂಡ 39 ರೋಗಿಗಳನ್ನು ಒಟ್ಟಿಗೆ ನಿಲ್ಲಿಸಿ ನೋಡಿದರು. 13 ಮಂದಿಗೆ ರೆಪ್ಪೆ ಮಾತ್ರ, 9 ಮಂದಿಗೆ ದವಡೆ ಮಾತ್ರ, 17 ಮಂದಿಗೆ ಎರಡೂ ಸೆಟೆದುಕೊಳ್ಳುತ್ತಿದ್ದುವು. ಒಬ್ಬೊಬ್ಬರನ್ನೇ ನೋಡಿದಾಗ ಹುಚ್ಚಾಟವೆಂದು ತೋರಿದ್ದು, ಸಾಲಾಗಿ ನೋಡಿದಾಗ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಂಡಿತು. ಇದು ಮಿದುಳಿನಲ್ಲಿ ಚಲನೆಯನ್ನು ಹದಗೊಳಿಸುವ ವ್ಯವಸ್ಥೆಯ ದೋಷ, ಮೈಕೈ ತಿರುಚಿಕೊಳ್ಳುವ ಡಿಸ್ಟೋನಿಯಾ ಎಂಬ ಬೇನೆಯ ಬಂಧು, ಎಂದು ಅವರು ವಾದಿಸಿದರು. ಬ್ರೂಗೆಲ್ಲನ ಚಿತ್ರವನ್ನು ನೆನೆದು ರೋಗಕ್ಕೆ ಅವನ ಹೆಸರನ್ನಿಟ್ಟವರೂ ಇವರೇ.

ಹೆಸರು ಸಿಕ್ಕಿತು, ಮದ್ದು ಸಿಗಲಿಲ್ಲ. ನಡುಕದ ಬೇನೆಗೆ ಕೊಡುವ ಮಾತ್ರೆ, ನಿದ್ದೆ ತರಿಸುವ ಮಾತ್ರೆ ಎಲ್ಲವನ್ನೂ ನೋಡಿದ್ದಾಯಿತು. ಕೆಲವರಿಗೆ ಕೊಂಚ ಗುಣ, ಬಹಳ ಮಂದಿಗೆ ಬರಿಯ ಮಂಪರು. ಮುಖದ ನರಕ್ಕೆ ಮದ್ಯಸಾರ ಚುಚ್ಚಿ ಸುಡುತ್ತಿದ್ದರು. ಅದೂ ಸಾಲದಾದರೆ ಆ ನರವನ್ನೇ ಕತ್ತರಿಸುತ್ತಿದ್ದರು. ಕಣ್ಣೇನೋ ತೆರೆಯುತ್ತಿತ್ತು, ಆದರೆ ಮುಖ ಸತ್ತುಹೋಗುತ್ತಿತ್ತು. ಬಾಯಿ ಸೊಟ್ಟಗಾಗಿ ಜೊಲ್ಲು ಸುರಿಯುವುದು, ರೆಪ್ಪೆ ಪೂರ್ತಿ ಮುಚ್ಚದೆ ಕಣ್ಣು ಒಣಗುವುದು. ಇಷ್ಟೆಲ್ಲ ಆದಮೇಲೆ ಎಷ್ಟೋ ಜನರಲ್ಲಿ ನರ ಮತ್ತೆ ಚಿಗುರಿ ಸೆಟೆತ ಹಿಂತಿರುಗುತ್ತಿತ್ತು. ಅಮೆರಿಕದ ಯೂಟಾ ಪ್ರಾಂತದ ರಿಚರ್ಡ್ ಆಂಡರ್ಸನ್ ನರವನ್ನು ಬಿಟ್ಟು, ರೆಪ್ಪೆ ಮುಚ್ಚುವ ಮಾಂಸವನ್ನೇ ಕೆತ್ತಿ ತೆಗೆಯುವ ಕ್ರಮವನ್ನು 1981ರಲ್ಲಿ ಪ್ರಕಟಿಸಿದರು. ಅದು ಮೊದಲಿನದಕ್ಕಿಂತ ಮೇಲು. ಬೇರೆ ಉಪಾಯ ಫಲಿಸದವರಿಗೆ ಇಂದಿಗೂ ಅದನ್ನು ಮಾಡುವುದುಂಟು.

ಈ ಹಂತದಲ್ಲಿ ಕಥೆ ಹಿಂದಕ್ಕೆ, ಅದೂ ಒಂದು ಅಡುಗೆಮನೆಗೆ, ಹೋಗಬೇಕಾಗಿದೆ. 1793ರಲ್ಲಿ ಜರ್ಮನಿಯ ವೈಲ್ಡ್‌ಬಾದ್ ಎಂಬ ಊರಿನಲ್ಲಿ, ಮಾಂಸ ತುಂಬಿ ಬೇಯಿಸುವ ಒಂದು ತಿಂಡಿಯನ್ನು ತಿಂದು 13 ಮಂದಿ ಹಾಸಿಗೆ ಹಿಡಿದು 6 ಮಂದಿ ಸತ್ತರು. ಇಂಥ ಸಾವುಗಳು ಆ ಸೀಮೆಯಲ್ಲಿ ಮತ್ತೆ ಮತ್ತೆ ಆದುವು. ಯುಸ್ಟಿನಸ್ ಕೆರ್ನರ್ ಎಂಬಾತ ಅಲ್ಲಿ ಸರಕಾರಿ ವೈದ್ಯ. ಜನ ಅವನನ್ನು ಹೆಚ್ಚಾಗಿ ಬಲ್ಲದ್ದು ಕವಿಯೆಂದು. 1820ರಲ್ಲಿ 76 ರೋಗಿಗಳ, 1822ರಲ್ಲಿ 155 ರೋಗಿಗಳ ವಿವರಗಳನ್ನು ಆತ ಸೇರಿಸಿ ಬರೆದ. ಈ ವಿಷ ಮೊದಲು ರೆಪ್ಪೆಗಳನ್ನು ಜೋಲಿಸುತ್ತದೆ, ಕಣ್ಣೀರನ್ನೂ ಉಗುಳನ್ನೂ ಬತ್ತಿಸುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳನ್ನು ಸುಮ್ಮನಾಗಿಸಿ ಕೊಲ್ಲುತ್ತದೆ. ಬುದ್ಧಿ ಮಾತ್ರ ಕೊನೆಯವರೆಗೂ ಎಚ್ಚರ. ಆತ ವಿಷದ ರಸವನ್ನು ತನ್ನ ನಾಲಗೆಯ ಮೇಲೆಯೇ ಇಟ್ಟು ನೋಡಿದ. ಕವಿಗಳ ಧೈರ್ಯಕ್ಕೆ ಮಿತಿಯಿಲ್ಲ! ಆಮೇಲೆ ಒಂದು ಮಾತು ಬರೆದ: ನರಗಳು ಅತಿಯಾಗಿ ಕುಣಿಯುವ ಬೇನೆಗಳಲ್ಲಿ ಇದನ್ನೇ ಅತ್ಯಲ್ಪವಾಗಿ ಕೊಟ್ಟರೆ ಮದ್ದಾದೀತು. ಆ ಮಾತು ಕೈಗೂಡಲು ನೂರೈವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

1895ರ ಡಿಸೆಂಬರಿನಲ್ಲಿ ಬೆಲ್ಜಿಯಮ್ಮಿನ ಎಲ್ಸೆಲ್ ಎಂಬ ಹಳ್ಳಿಯಲ್ಲಿ ಒಬ್ಬ ಮುದುಕರ ಶವಸಂಸ್ಕಾರಕ್ಕೆ ವಾದ್ಯ ನುಡಿಸಲು ಬಂದಿದ್ದ 34 ಮಂದಿ ಉಪ್ಪು ಹಾಕಿಟ್ಟಿದ್ದ ಹಂದಿಮಾಂಸ ಉಂಡರು, ಮೂವರು ಸತ್ತರು. ಆ ಮಾಂಸದಿಂದಲೂ ಸತ್ತವರ ಅಂಗಗಳಿಂದಲೂ ಎಮಿಲ್ ವಾನ್ ಎರ್ಮೆಂಗೆಮ್ ಒಂದು ಸೂಕ್ಷ್ಮಜೀವಿಯನ್ನು ಬೇರ್ಪಡಿಸಿದರು. ಕೆರ್ನರ್ ಕಂಡಿದ್ದ ಮಾಂಸದ ತಿಂಡಿಗೆ ಲ್ಯಾಟಿನ್ನಿನಲ್ಲಿ ಬೊಟುಲುಸ್ ಎನ್ನುತ್ತಾರೆ; ಅದರಿಂದ ಈ ವಿಷಕ್ಕೆ ಬೊಟುಲಿನಂ ಎಂದು ಹೆಸರಾಯಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಅದನ್ನು ಆಯುಧವಾಗಿ ಬಳಸಬಹುದೆ ಎಂದು ಮೇರಿಲ್ಯಾಂಡಿನ ಒಂದು ಪ್ರಯೋಗಶಾಲೆಯಲ್ಲಿ ಪರಿಶೀಲಿಸಿತು. 1946ರಲ್ಲಿ ಅಲ್ಲಿ ವಿಷ ಹರಳಿನ ರೂಪದಲ್ಲಿ ಶುದ್ಧವಾಗಿ ದೊರೆಯಿತು. ಯುದ್ಧ ಮುಗಿದಿತ್ತು, ಹರಳು ಉಳಿಯಿತು. 1949ರಲ್ಲಿ ಆರ್ನಲ್ಡ್ ಬರ್ಗನ್ ಮತ್ತು ಸಂಗಡಿಗರು ಅದು ಕೆಲಸ ಮಾಡುವ ಬಗೆಯನ್ನು ತೋರಿಸಿದರು. ನರದ ತುದಿ ಸ್ನಾಯುವಿಗೆ ಒಂದು ರಾಸಾಯನಿಕದ ಮೂಲಕ ಅಪ್ಪಣೆ ಕಳುಹಿಸುತ್ತದೆ. ಈ ವಿಷ ನರವನ್ನೂ ಕೊಲ್ಲುವುದಿಲ್ಲ, ಸ್ನಾಯುವನ್ನೂ ಕೊಲ್ಲುವುದಿಲ್ಲ. ಅಂಚೆಯಾಳನ್ನು ಮಾತ್ರ ಬಾಗಿಲಲ್ಲಿ ತಡೆದು ನಿಲ್ಲಿಸುತ್ತದೆ. ಕೆಲವು ತಿಂಗಳಲ್ಲಿ ಅಂಚೆ ಮತ್ತೆ ನಡೆಯುತ್ತದೆ.

ಸಾನ್ ಫ್ರಾನ್ಸಿಸ್ಕೋದ ಕಣ್ಣಿನ ವೈದ್ಯ ಆಲನ್ ಸ್ಕಾಟ್ ಅವರಿಗೆ ಬೇಕಾಗಿದ್ದುದು ಬೇರೆ. ಮೆಳ್ಳೆಗಣ್ಣಿನ ಮಕ್ಕಳಿಗೆ ಶಸ್ತ್ರಕ್ರಿಯೆ ತಪ್ಪಿಸುವುದು ಅವರ ಗುರಿ. ಹೆಚ್ಚು ಎಳೆಯುವ ಸ್ನಾಯುವನ್ನು ಕತ್ತರಿಸದೆ ಸಡಿಲಿಸಲಾದೀತೆ? ಸೈನ್ಯದ ಪ್ರಯೋಗಶಾಲೆಯಲ್ಲಿ ದುಡಿದಿದ್ದ ಎಡ್ವರ್ಡ್ ಶಾಂಟ್ಸ್ ಅವರಿಂದ ವಿಷ ತರಿಸಿ ಕೋತಿಗಳ ಮೇಲೆ ಪ್ರಯೋಗಿಸಿ 1973ರಲ್ಲಿ ಫಲಿತಾಂಶ ಪ್ರಕಟಿಸಿದರು. ಮನುಷ್ಯರಲ್ಲಿ ಪಡೆದ ಫಲಿತಾಂಶ 1980ರಲ್ಲಿ ಹೊರಬಂದಿತು. ಕಣ್ಣಿನ ಸ್ನಾಯುವಿಗೆ ಒಗ್ಗಿದ್ದು ರೆಪ್ಪೆಯ ಸ್ನಾಯುವಿಗೆ ಏಕೆ ಒಗ್ಗಬಾರದು? ಕಣ್ಣಿನ ಸುತ್ತ ಉಂಗುರದಂತೆ ಹಬ್ಬಿ ರೆಪ್ಪೆಯನ್ನು ಮುಚ್ಚುವ ಸ್ನಾಯುವಿಗೆ ಸಣ್ಣ ಸೂಜಿಯಿಂದ ಅಲ್ಲಲ್ಲಿ ಒಂದೊಂದು ಹನಿ ಇಟ್ಟರು. ಕೆಲವು ದಿನಗಳಲ್ಲಿ ಕಣ್ಣು ತೆರೆಯಿತು. ಎರಡು ಶತಮಾನಗಳಿಂದ ರೆಪ್ಪೆಗಳನ್ನು ಜೋಲಿಸಿ ಮನುಷ್ಯರನ್ನು ಕೊಂದ ವಿಷ ರೆಪ್ಪೆಯನ್ನು ತೆರೆಸಿತು. 1984, 1985ರ ವೇಳೆಗೆ ಇದರ ವರದಿಗಳು ವೈದ್ಯಪತ್ರಿಕೆಗಳಲ್ಲಿ ಬರತೊಡಗಿದುವು.

ಈ ಮದ್ದಿನ ಪ್ರಮಾಣ ಹೇಳಿದರೆ ನಂಬುವುದು ಕಷ್ಟ. 100 ಯೂನಿಟ್ಟಿನ ಒಂದು ಸೀಸೆಯಲ್ಲಿರುವ ವಿಷದ ತೂಕ ಸುಮಾರು 5 ನ್ಯಾನೋಗ್ರಾಂ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿ ಅದರಲ್ಲಿ ಐದು ಪಾಲು ತೆಗೆದುಕೊಂಡಂತೆ. ಒಂದು ಚುಚ್ಚಿಗೆ ಮೊದಲ ಸಲ ಒಂದೆರಡು ಯೂನಿಟ್ ಸಾಕು. 1979ರ ನವೆಂಬರಿನಲ್ಲಿ ಶಾಂಟ್ಸ್ ತಯಾರಿಸಿಕೊಟ್ಟ ಸುಮಾರು 150 ಮಿಲಿಗ್ರಾಂ ವಿಷವೇ 1997ರವರೆಗೂ ಅಮೆರಿಕದ ರೋಗಿಗಳಿಗೆಲ್ಲ ಸಾಲುತ್ತ ಬಂತು.

ಇಷ್ಟಾದರೂ, ಕಣ್ಣು ತೆರೆಯಿತು ಎಂದ ಮಾತ್ರಕ್ಕೆ ಮದ್ದು ರುಜುವಾತಾಯಿತೆ? ಹಾಡಿದರೂ ತೆರೆಯುವ ಕಣ್ಣಲ್ಲವೆ ಇದು? ವೈದ್ಯರ ಉತ್ಸಾಹವನ್ನು ಕಂಡೇ ತೆರೆದಿರಬಾರದೇಕೆ? ಈ ಅನುಮಾನ ಎಷ್ಟು ಅಗತ್ಯವೆಂಬುದಕ್ಕೆ ನಮ್ಮ ಸೀಮೆಯಲ್ಲಿಯೇ ಒಂದು ಉದಾಹರಣೆಯಿದೆ. ಕಲಬುರಗಿ ಹೈದರಾಬಾದು ಸಂಸ್ಥಾನದಲ್ಲಿದ್ದ ಕಾಲದಲ್ಲಿ, 1888 ಮತ್ತು 1889ರಲ್ಲಿ, ಎಡ್ವರ್ಡ್ ಲಾರಿ ಎಂಬ ಶಸ್ತ್ರವೈದ್ಯರ ಒತ್ತಾಸೆಯಿಂದ, ನಿಜಾಮರ ನೆರವಿನಿಂದ, ರಾಜಧಾನಿಯಲ್ಲಿ ಎರಡು ಕ್ಲೋರೋಫಾರಂ ಆಯೋಗಗಳು ಕುಳಿತುವು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆದುವು. ಉಸಿರಾಟವನ್ನು ನೋಡಿಕೊಂಡರೆ ಸಾಕು, ಕ್ಲೋರೋಫಾರಂ ನೇರವಾಗಿ ಹೃದಯವನ್ನು ನಿಲ್ಲಿಸುವುದಿಲ್ಲ ಎಂದು ಆಯೋಗ ಸಾರಿತು. ಪ್ರಯೋಗಗಳಿಗೆ ಕೊರತೆಯಿರಲಿಲ್ಲ, ಹಣಕ್ಕೂ ಕೊರತೆಯಿರಲಿಲ್ಲ. ಆದರೂ ತೀರ್ಮಾನ ತಪ್ಪಾಗಿತ್ತು. ಹೃದಯ ಥಟ್ಟನೆ ನಿಲ್ಲಬಲ್ಲದೆಂದು ಗುಡ್‌ಮನ್ ಲೆವಿ 1911ರಲ್ಲಿ ತೋರಿಸಿದರು. ಮೊದಲೇ ಒಂದು ನಂಬಿಕೆಯನ್ನು ಹಿಡಿದು ಕುಳಿತವರ ಕೈಯಲ್ಲಿ ಪ್ರಯೋಗವೂ ಸಾಕ್ಷಿ ತಿರುಚುತ್ತದೆ.

ಆದ್ದರಿಂದಲೇ ‘ಇಬ್ಬರಿಗೂ ಗುಟ್ಟು’ ಎನ್ನಬಹುದಾದ ಪರೀಕ್ಷೆ ಬಳಕೆಗೆ ಬಂದದ್ದು. ಕೆಲವು ರೋಗಿಗಳಿಗೆ ಮದ್ದು, ಕೆಲವರಿಗೆ ಬರಿಯ ಉಪ್ಪುನೀರಿನಂಥ ದ್ರವ. ಯಾರಿಗೆ ಯಾವುದು ಎಂಬುದು ಚುಚ್ಚಿಸಿಕೊಂಡವರಿಗೂ ತಿಳಿಯದು, ಫಲ ಅಳೆಯುವ ವೈದ್ಯರಿಗೂ ತಿಳಿಯದು. ರೆಪ್ಪೆಯ ಸೆಟೆತಕ್ಕೆ ಇಂಥ ಒಂದು ಪರೀಕ್ಷೆಯನ್ನು ಹ್ಯೂಸ್ಟನ್ನಿನ ಜೋಸೆಫ್ ಯಾಂಕೋವಿಕ್ ಮತ್ತು ಅವರ ಸಂಗಡಿಗರು 1987ರಲ್ಲಿ ಪ್ರಕಟಿಸಿದರು. ರೋಗಿಗಳು ಕೆಲವೇ ಮಂದಿ. ಆದರೆ ವ್ಯತ್ಯಾಸ ಎದ್ದು ಕಾಣುವಂತಿತ್ತು.

ಈ ನಡುವೆ ರೋಗಿಗಳೂ ಸುಮ್ಮನೆ ಕುಳಿತಿರಲಿಲ್ಲ. ಟೆಕ್ಸಾಸಿನ ಬ್ಯೂಮಾಂಟ್ ಊರಿನ ಮ್ಯಾಟಿ ಲೂ ಕೋಸ್ಟರ್ ಎಂಬ ಮಹಿಳೆ ತಾವೇ ಈ ಬೇನೆಯಿಂದ ನರಳಿದವರು. 1981ರಲ್ಲಿ ಅವರು ತಮ್ಮಂಥವರನ್ನು ಹುಡುಕಿ ಸೇರಿಸಿ ಸಂಶೋಧನೆಗಾಗಿ ಒಂದು ಸಂಸ್ಥೆಯನ್ನು ಕಟ್ಟಿದರು. ತನ್ನೊಬ್ಬಳಿಗೇ ಈ ಗತಿ ಎಂದುಕೊಂಡಿದ್ದವರಿಗೆ ಇನ್ನೊಬ್ಬರ ಪತ್ರ ಬರುವುದೇ ಅರ್ಧ ಮದ್ದು. 1986ರಲ್ಲಿ ಒಂದು ಸಂಕಟ ಒದಗಿತು. ಸ್ಕಾಟ್ ಅವರ ಸಣ್ಣ ಸಂಸ್ಥೆಗೆ ವಿಮೆ ಕೊಡಲು ಯಾರೂ ಒಪ್ಪದೆ ಮದ್ದಿನ ಸರಬರಾಜು ನಿಂತುಹೋಯಿತು. ನಾಲ್ಕು ತಿಂಗಳ ಕಾಲ, ತೆರೆದಿದ್ದ ಕಣ್ಣುಗಳು ಒಂದೊಂದಾಗಿ ಮತ್ತೆ ಮುಚ್ಚುತ್ತ ಬಂದುವು. ಅನುಕೂಲವಿದ್ದವರು ಗಡಿ ದಾಟಿ ಕೆನಡಾಕ್ಕೆ ಹೋಗಿ ಚುಚ್ಚಿಸಿಕೊಂಡು ಬಂದರು. ಇಲ್ಲದವರು ಕತ್ತಲೆಯಲ್ಲಿ ಕಾದರು. ಈ ಮದ್ದು ಎಷ್ಟರಮಟ್ಟಿಗೆ ನಿಜವೆಂಬುದಕ್ಕೆ ಆ ನಾಲ್ಕು ತಿಂಗಳೇ ಯಾರೂ ಬಯಸದಿದ್ದ ಪರೀಕ್ಷೆಯಾದುವೆಂದು ನನಗೆ ತೋರುತ್ತದೆ. 1989ರ ಡಿಸೆಂಬರಿನಲ್ಲಿ ಅಮೆರಿಕದ ಸರಕಾರ ಇದಕ್ಕೆ ಒಪ್ಪಿಗೆ ಕೊಟ್ಟಿತು. ಮುಂದೆ ದೊಡ್ಡ ಕಂಪನಿಯೊಂದು ಕೊಂಡು ‘ಬೊಟಾಕ್ಸ್’ ಎಂದು ಹೆಸರಿಟ್ಟಿತು. ಸುಕ್ಕು ಅಳಿಸುವ ಮದ್ದೆಂದು ಸಿನಿಮಾ ಪತ್ರಿಕೆಗಳಲ್ಲಿ ಆ ಹೆಸರನ್ನು ಓದುವವರಿಗೆ, ಅದು ಮೊದಲು ಒಪ್ಪಿಗೆ ಪಡೆದದ್ದು ಮೆಳ್ಳೆಗಣ್ಣಿಗೂ ಸೆಟೆದ ರೆಪ್ಪೆಗೂ ಎಂಬುದು ಗೊತ್ತಿರಲಾರದು.

ಸುಶ್ರುತನ ಪಟ್ಟಿಯಿಂದ ನಿಮೇಷದ ಹೆಸರು ಅಳಿಸಿತೆಂದು ಹೇಳುವಂತಿಲ್ಲ. ಒಂದು ಚುಚ್ಚಿನ ಫಲ ಸುಮಾರು ಮೂರು ತಿಂಗಳು. ಆಮೇಲೆ ಮತ್ತೆ ಚುಚ್ಚಿಸಿಕೊಳ್ಳಬೇಕು. ಹನಿ ಕೊಂಚ ಅತ್ತಿತ್ತ ಹರಿದು ರೆಪ್ಪೆ ಎತ್ತುವ ಸ್ನಾಯುವಿಗೆ ತಾಕಿದರೆ ಕೆಲವು ವಾರ ರೆಪ್ಪೆ ಜೋಲುತ್ತದೆ. ಕಣ್ಣು ಒಣಗುವುದೂ ಉಂಟು. ಮದ್ದು ಅಗ್ಗವಲ್ಲ. 2020ರಲ್ಲಿ ಇದುವರೆಗಿನ ಪರೀಕ್ಷೆಗಳನ್ನೆಲ್ಲ ಜಾಲಿಸಿ ನೋಡಿದ ಒಂದು ಸಮೀಕ್ಷೆಗೆ ಎಣಿಕೆಗೆ ಹಿಡಿಯುವಂಥವು ಸಿಕ್ಕಿದ್ದು ಮೂರೇ. ಅವುಗಳಲ್ಲಿದ್ದ ರೋಗಿಗಳು ಒಟ್ಟು 313. ಫಲವಿದೆಯೆಂದು ಸಮೀಕ್ಷೆ ಒಪ್ಪಿತು. ಇಷ್ಟು ಹೆಸರುವಾಸಿ ಮದ್ದಿಗೆ ಇಷ್ಟು ಕಡಿಮೆ ಸಾಕ್ಷಿಯೇ ಎಂದು ಆಶ್ಚರ್ಯವಾಗಬಹುದು. ಕಣ್ಣು ತೆರೆಯುವುದನ್ನು ಒಮ್ಮೆ ಕಂಡ ಮೇಲೆ ಉಪ್ಪುನೀರು ಚುಚ್ಚಿಸಿಕೊಳ್ಳಲು ಯಾರು ತಾನೆ ಮುಂದೆ ಬಂದಾರು?

ಬೆಳಕು ಚುಚ್ಚುತ್ತದೆ ಎಂಬುದು ಈ ರೋಗಿಗಳ ಇನ್ನೊಂದು ದೂರು. ಯೂಟಾದ ವೈದ್ಯರು 2009ರಲ್ಲಿ ಒಂದು ಬಗೆಯ ಬಣ್ಣದ ಕನ್ನಡಕವನ್ನು ಪರೀಕ್ಷಿಸಿ ನೋಡಿದರು. ರೆಪ್ಪೆ ಬಡಿತ ಕೊಂಚ ಇಳಿಯಿತು, ಬೆಳಕಿನ ಬಾಧೆ ತಗ್ಗಿತು. ಆ ಗಾಜಿನ ಬಣ್ಣ ತಿಳಿಗುಲಾಬಿ. ಕಲಬುರಗಿಯ ಬಿಸಿಲಿಗೆ ಅದು ಎಷ್ಟು ತಡೆದೀತೋ ಕಾಣೆ.

ನಮ್ಮ ನಾಡಿನಲ್ಲಿಯೂ ಈ ಚಿಕಿತ್ಸೆ ದೊರೆಯುತ್ತದೆ. ಬೆಂಗಳೂರಿನಲ್ಲಿ 1974ರಲ್ಲಿ ಈಗಿನ ರೂಪ ತಾಳಿದ ನಿಮ್ಹಾನ್ಸ್ ಸಂಸ್ಥೆಯ ನರವೈದ್ಯರು ಡಿಸ್ಟೋನಿಯಾ ರೋಗಿಗಳನ್ನು ನೋಡುತ್ತಾರೆ. ಆದರೆ ಕಣ್ಣು ಮುಚ್ಚಿಕೊಳ್ಳುತ್ತದೆಂದು ನೇರವಾಗಿ ಬೆಂಗಳೂರಿನ ರೈಲು ಹತ್ತಬೇಕಾಗಿಲ್ಲ. ಮೊದಲು ಹತ್ತಿರದ ಕಣ್ಣಿನ ವೈದ್ಯರಿಗೆ ತೋರಿಸಬೇಕು. ರೆಪ್ಪೆಯೊಳಗೆ ಮಡಿಸಿದ ಕೂದಲು, ಒಣಗಿದ ಕಣ್ಣು, ಪಾಪೆಯ ಹುಣ್ಣು ಇವೂ ರೆಪ್ಪೆಯನ್ನು ಮುಚ್ಚಿಸುತ್ತವೆ, ಅವುಗಳ ಮದ್ದು ಬೇರೆ. ಮುಖದ ಒಂದೇ ಪಕ್ಕ ಹಾರುತ್ತಿದ್ದರೆ ಅದು ಬೇರೆಯೇ ಬೇನೆ. ಯಾವಾಗ ಮುಚ್ಚುತ್ತದೆ, ಎಷ್ಟು ಹೊತ್ತು, ಬಿಸಿಲಲ್ಲಿಯೋ ಓದುವಾಗಲೋ, ಏನು ಮಾಡಿದರೆ ತೆರೆಯುತ್ತದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಹೋದರೆ ವೈದ್ಯರ ಕೆಲಸ ಅರ್ಧ ಹಗುರ. ಹಾಡಿದರೆ ತೆರೆಯುತ್ತದೆ ಎಂಬುದನ್ನು ಹೇಳಲು ನಾಚಬೇಕಾಗಿಲ್ಲ. ರೋಗವನ್ನು ಗುರುತಿಸಲು ವೈದ್ಯರು ಕೇಳಬಯಸುವ ಮಾತುಗಳಲ್ಲಿ ಅದೂ ಒಂದು.